ಓದುಗರ ಪ್ರಶ್ನೆಗಳು: ಬರಿಗಾಲಲ್ಲಿ ಪೇಟೆಗೆ ಹೋಗಬಾರದೇ?

ಪ್ರಶ್ನೆ: ನನಗೀಗ 63 ವರ್ಷ. ನಿವೃತ್ತನಾದ ಮೇಲೆ, ಸುಮಾರು ಒಂದು ವರ್ಷದಿಂದ, ಚಪ್ಪಲಿ ಮೆಟ್ಟುವುದನ್ನು ಬಿಟ್ಟಿದ್ದೇನೆ. ಬೆಳಗಿನ ಹೊತ್ತು ಅಪ್ಪನ ಕೆರೆಯ ಸುತ್ತ ಬರಿಗಾಲಲ್ಲಿ ನಡೆಯುವುದರಿಂದ ಶುರುವಾದ ಈ ರೂಢಿ ಈಗ ಸೂಪರ್ ಮಾರ್ಕೆಟ್, ಬಸ್ ನಿಲ್ದಾಣ, ಬ್ಯಾಂಕಿನವರೆಗೂ ಬಂದಿದೆ. ಹರಕೆ ಹೊತ್ತಿಲ್ಲ, ವೈರಾಗ್ಯ ಬಂದಿಲ್ಲ. ಕಾಲಿಗೆ ನೆಲ ತಾಗುವುದು ಹಿತವೆನಿಸುತ್ತದೆ, ಅಷ್ಟೇ. ಹೋದ ತಿಂಗಳು ಒಂದು ದೊಡ್ಡ ಅಂಗಡಿಯ ಬಾಗಿಲಲ್ಲಿದ್ದ ಕಾವಲುಗಾರ ನನ್ನ ಕಾಲು ನೋಡಿ ಒಳಗೆ ಬಿಡಲಿಲ್ಲ. ಜನ ಏನೆಂದಾರು ಎಂದು ಮಗ ಗೊಣಗುತ್ತಾನೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಬರಿಗಾಲಲ್ಲಿ ತಿರುಗುವುದಕ್ಕೆ ಕಾನೂನಿನ ಅಡ್ಡಿಯಿದೆಯೇ? ಅದು ಆರೋಗ್ಯಕ್ಕೆ ಒಳ್ಳೆಯದೆಂದು ಕೇಳಿದ್ದೇನೆ, ನಿಜವೇ?
— ನಿವೃತ್ತ ನೌಕರ, ಕಲಬುರಗಿ

ಉತ್ತರ: ಕಾನೂನಿನ ಮಾತು ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ. ರಸ್ತೆ, ಉದ್ಯಾನ, ಬಸ್ ನಿಲ್ದಾಣಗಳಲ್ಲಿ ಪಾದರಕ್ಷೆ ಇಲ್ಲದೆ ನಡೆಯಬಾರದೆಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಖಾಸಗಿ ಅಂಗಡಿಯವರು ಒಳಗೆ ಬರುವವರ ಉಡುಪಿನ ಬಗ್ಗೆ ತಮ್ಮದೇ ನಿಯಮ ಮಾಡಿಕೊಳ್ಳಬಹುದು. ಆದರೆ ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡದ ಪ್ರಕಾರ ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ಹೊರಗಿಡುವಂತಿಲ್ಲ. ಬರಿಗಾಲು ಆ ಪಟ್ಟಿಯಲ್ಲಿಲ್ಲ. ಕಾವಲುಗಾರ ನಿಮ್ಮ ಕಾಲನ್ನಷ್ಟೇ ನೋಡಿದನೋ, ಕಾಲು ನೋಡಿ ಇನ್ನೇನನ್ನೋ ಅಳೆದನೋ ಎಂಬುದು ನಿಮಗೇ ಗೊತ್ತು. ಅಂಗಡಿಯ ಮೇಲ್ವಿಚಾರಕರನ್ನು ಕರೆಸಿ, ಇಂಥ ನಿಯಮ ಎಲ್ಲಿ ಬರೆದಿದೆ ಎಂದು ವಿನಯದಿಂದಲೇ ಕೇಳುವ ಹಕ್ಕು ನಿಮಗಿದೆ.

ಮಗನ ಮಾತಿಗೆ ಉತ್ತರ ಹೇಳುವುದು ಇನ್ನೂ ಸುಲಭ. 2021ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ತುಳಸಿ ಗೌಡ ಮತ್ತು ಹರೇಕಳ ಹಾಜಬ್ಬ ಇಬ್ಬರೂ ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಲ್ಲೇ ನಡೆದು ಪದ್ಮಶ್ರೀ ಸ್ವೀಕರಿಸಿದರು. ಚಿತ್ರಕಾರ ಎಂ.ಎಫ್. ಹುಸೇನ್ ಅವರು 1964ರಲ್ಲಿ ಹಿಂದಿ ಕವಿ ಮುಕ್ತಿಬೋಧ್ ತೀರಿಕೊಂಡ ಮೇಲೆ ಪಾದರಕ್ಷೆ ಬಿಟ್ಟವರು ಹೆಚ್ಚುಕಡಿಮೆ ಜೀವನವಿಡೀ ಹಾಗೆಯೇ ಓಡಾಡಿದರು. ನಮ್ಮ ಸೀಮೆಗಂತೂ ಬರಿಗಾಲು ಹೊಸದಲ್ಲ. ಶರಣಬಸವೇಶ್ವರರ ಗುಡಿಗೆ ಹೋದರೂ, ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೋದರೂ, ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದರೂ ಎಲ್ಲರೂ ಬರಿಗಾಲಿನವರೇ. ಹೊಸ್ತಿಲ ಒಳಗೆ ಭಕ್ತಿಯೆನಿಸುವುದು ಹೊಸ್ತಿಲ ಹೊರಗೆ ಮರ್ಯಾದೆಗೇಡು ಹೇಗಾಗುತ್ತದೆ ಎಂದು ಮಗನನ್ನು ಕೇಳಿ ನೋಡಿ.

ಇಷ್ಟರವರೆಗೆ ನಾನು ನಿಮ್ಮ ಪಕ್ಷ. ಮುಂದಿನದು ನಿಮಗೆ ಹಿಡಿಸಲಿಕ್ಕಿಲ್ಲ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲನ್ನು ನೀವು ಕೊನೆಯಲ್ಲಿ, ಹೋಗುತ್ತ ಹೋಗುತ್ತ ಹೇಳಿದ ಹಾಗೆ ಹೇಳಿದ್ದೀರಿ: ಎಂಟು ವರ್ಷದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ನರಗಳು ಕೆಡುತ್ತವೆ, ಅದರಲ್ಲೂ ದೇಹದ ಅತಿ ಉದ್ದದ ನರಗಳು ಮೊದಲು ಕೆಡುವುದರಿಂದ ತೊಂದರೆ ಕಾಲ್ಬೆರಳುಗಳಲ್ಲಿ ಶುರುವಾಗಿ ಮೇಲಕ್ಕೆ ಏರುತ್ತದೆ. ಕೆಲವರಿಗೆ ಜೋಮು, ಉರಿ ಕಾಣಿಸಿಕೊಂಡು ಎಚ್ಚರಿಕೆ ಸಿಗುತ್ತದೆ. ಇನ್ನು ಕೆಲವರಿಗೆ ಏನೂ ಆಗದೆ ಸ್ಪರ್ಶವೇ ಮೆಲ್ಲಗೆ ಹೊರಟುಹೋಗುತ್ತದೆ, ಹೋದದ್ದು ಅವರಿಗೆ ತಿಳಿಯುವುದೂ ಇಲ್ಲ. ಅಂಥ ಪಾದಕ್ಕೆ ಜಾಲಿಮುಳ್ಳು ಚುಚ್ಚಿದರೆ, ಗಾಜಿನ ಚೂರು ಹೊಕ್ಕರೆ, ಆ ಮನುಷ್ಯ ಅದರ ಮೇಲೆಯೇ ಸಂಜೆಯವರೆಗೂ ನಡೆದಾಡುತ್ತಾನೆ. ಕಾಲಿನ ರಕ್ತಸಂಚಾರವೂ ಕುಗ್ಗಿದ್ದರೆ ಗಾಯ ಮಾಯುವುದಿಲ್ಲ, ಹುಣ್ಣಾಗುತ್ತದೆ, ಕೀವಾಗುತ್ತದೆ. ಬೆರಳು ಅಥವಾ ಪಾದ ತೆಗೆಯಬೇಕಾಗಿ ಬರುವ ಎಷ್ಟೋ ಪ್ರಕರಣಗಳ ಆರಂಭ ಇಷ್ಟು ಸಣ್ಣದಾಗಿಯೇ ಇರುತ್ತದೆ. ಆದ್ದರಿಂದಲೇ ಸ್ಪರ್ಶ ಕುಗ್ಗಿದ ಸಕ್ಕರೆ ಕಾಯಿಲೆಯವರು ಹೊರಗಷ್ಟೇ ಅಲ್ಲ, ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದೆಂದು ವೈದ್ಯರು ಹೇಳುತ್ತಾರೆ.

ವರ್ಷವಿಡೀ ನಡೆದು ಪಾದ ದಪ್ಪಗಾಗಿದೆ, ಮುಳ್ಳು ಏನು ಮಾಡೀತು ಎಂದು ನೀವು ಕೇಳಬಹುದು. ಬರಿಗಾಲಿನ ದಪ್ಪ ಚರ್ಮಕ್ಕೂ ಸ್ಪರ್ಶಕ್ಕೂ ವೈರವಿಲ್ಲ ಎಂಬುದು ನಿಜ. ಕೆನ್ಯಾದ ಜನರನ್ನೂ ಸೇರಿಸಿಕೊಂಡು ನಡೆಸಿದ, 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಬರಿಗಾಲಿನವರ ಅಂಗಾಲಿನ ಚರ್ಮ ದಪ್ಪವಾಗಿದ್ದರೂ ನೆಲದ ಸ್ಪರ್ಶವನ್ನು ಗ್ರಹಿಸುವ ಶಕ್ತಿ ಕಡಿಮೆಯಾಗಿರುವುದಿಲ್ಲವೆಂದು ತೋರಿಸಿತು. ಆದರೆ ಅದು ನರಗಳು ಸರಿಯಿರುವವರ ಮಾತು. ನರ ಕೆಟ್ಟ ಕಾಲಿನಲ್ಲಿ ಅದೇ ದಪ್ಪ ಚರ್ಮ ಒಳಗಿನ ಮಾಂಸವನ್ನು ಒತ್ತುತ್ತ, ಕಣ್ಣಿಗೆ ಕಾಣದಂತೆ ಅಡಿಯಲ್ಲಿ ಹುಣ್ಣು ಮಾಡುತ್ತದೆ.

ನೆಲ ಹಿತವೆನಿಸುತ್ತದೆ ಎಂದು ಬರೆದಿದ್ದೀರಲ್ಲ, ಅದು ಒಳ್ಳೆಯ ಲಕ್ಷಣವೇ. ಆದರೂ ಪರೀಕ್ಷೆ ಮಾಡಿಸದೆ ನಂಬಬೇಡಿ. ಮೊನೊಫಿಲಮೆಂಟ್ ಎಂಬ ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಜಾಗಗಳಿಗೆ ಅದು ಬಾಗುವವರೆಗೆ ಒತ್ತುತ್ತಾರೆ. ಆ ಒತ್ತಡ ಬರೀ 10 ಗ್ರಾಂ. ನೀವು ಕಣ್ಣು ಮುಚ್ಚಿಕೊಂಡು, ಎಲ್ಲಿ ತಾಗಿತೆಂದು ಹೇಳಬೇಕು. ಎರಡು ನಿಮಿಷದ, ನೋವಿಲ್ಲದ ಪರೀಕ್ಷೆ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕಾದದ್ದು. ಅಲ್ಲಿಯವರೆಗೆ ದಯವಿಟ್ಟು ಚಪ್ಪಲಿ ಮೆಟ್ಟಿ. ನರವೂ ರಕ್ತಸಂಚಾರವೂ ಸರಿಯಿದೆಯೆಂದು ಖಚಿತವಾದರೆ, ನಿಮ್ಮ ವೈದ್ಯರನ್ನು ಕೇಳಿಕೊಂಡು, ಬೆಳಗಿನ ಕೆರೆಯ ಸುತ್ತನ್ನು ಮಾತ್ರ ಉಳಿಸಿಕೊಳ್ಳಬಹುದೇನೋ. ಬಸ್ ನಿಲ್ದಾಣ, ಮಾರ್ಕೆಟ್ಟಿನ ಕೆಸರು, ಮಧ್ಯಾಹ್ನದ ಡಾಂಬರು ಬೇಡವೇ ಬೇಡ. ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ಬಿಸಿಲಿನ ಕಾರಣಕ್ಕೇ ತಾನೇ? ಗಾಳಿಯ ಉಷ್ಣತೆ 42 ಡಿಗ್ರಿ ಇರುವ ದಿನ ಡಾಂಬರಿನ ಮೈ 60 ಡಿಗ್ರಿ ದಾಟಬಲ್ಲದು, ಅಷ್ಟು ಬಿಸಿಗೆ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಎರಡೂ ಅಂಗಾಲುಗಳನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಆ ಕೆಲಸವನ್ನು ಮಗನಿಗೆ ಒಪ್ಪಿಸಿ. ಜನ ಏನೆಂದಾರು ಎಂಬ ಚಿಂತೆಗಿಂತ ಅದು ಅವನಿಗೆ ಹೆಚ್ಚು ಉಪಯೋಗದ ಕೆಲಸ.

ಪ್ರಶ್ನೆ: ನಮ್ಮ ತಾಯಿಯವರು ಯುಗಾದಿಗೆ ಮುಂಚೆ ಊರವರೊಡನೆ ಶ್ರೀಶೈಲಕ್ಕೆ ಬರಿಗಾಲಿನ ಪಾದಯಾತ್ರೆ ಹೋಗುವ ಹರಕೆ ಹೊತ್ತಿದ್ದಾರೆ. ವಯಸ್ಸು 55, ಕಾಯಿಲೆ ಏನಿಲ್ಲ. ಬೇಡವೆಂದರೆ ಕೇಳುವವರಲ್ಲ. ಏನು ಎಚ್ಚರ ವಹಿಸಬೇಕು?
— ಓದುಗಳು, ಶಹಾಪುರ

ಉತ್ತರ: ಬೇಡವೆನ್ನುವುದನ್ನು ಬಿಟ್ಟು ಎಚ್ಚರವೇನೆಂದು ಕೇಳಿದ್ದೀರಿ, ಅದೇ ಸರಿಯಾದ ದಾರಿ. ಹೊರಡುವ ಹಿಂದಿನ ದಿನ ಚಪ್ಪಲಿ ಬಿಟ್ಟರೆ ಎರಡನೆಯ ದಿನಕ್ಕೇ ಬೊಬ್ಬೆ ಏಳುತ್ತದೆ. ಒಂದೆರಡು ತಿಂಗಳ ಮೊದಲೇ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಮೊದಲು ಅಂಗಳದಲ್ಲಿ, ಆಮೇಲೆ ಹೊಲದ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಪಾದವನ್ನು ಅಣಿ ಮಾಡಿಕೊಳ್ಳಲಿ. ತೊಗರಿ ಕೊಯ್ದ ಹೊಲವನ್ನು ಮಾತ್ರ ದಾಟದಿರಲಿ. ನಿಂತ ಕೂಳೆ ಮೊಳೆಯಂತೆ ನಾಟುತ್ತದೆಂಬುದು ನಮ್ಮ ಕಡೆಯವರಿಗೆ ಹೇಳಬೇಕಾದ್ದಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಹತ್ತು ವರ್ಷ ದಾಟಿದ್ದರೆ ಹೊರಡುವ ಮುಂಚೆಯೇ ಇನ್ನೊಂದು ಹಾಕಿಸಿ.

ದಾರಿಯಲ್ಲಿ ನಸುಕಿನಲ್ಲೆದ್ದು ಬಿಸಿಲೇರುವ ಮುಂಚೆ ಎಷ್ಟಾಗುತ್ತದೋ ಅಷ್ಟು ನಡೆದು, ಮಧ್ಯಾಹ್ನ ನೆರಳಲ್ಲಿ ತಂಗಿ, ಇಳಿಹೊತ್ತಿಗೆ ಮತ್ತೆ ಹೊರಡಲಿ. ಡಾಂಬರಿನ ಪಕ್ಕದ ಮಣ್ಣಿನ ಅಂಚು ತಂಪಾಗಿರುತ್ತದೆ, ಆದರೆ ಅಲ್ಲಿ ನೆಗ್ಗಿಲಮುಳ್ಳು ಇರುತ್ತದೆ. ಕತ್ತಲಲ್ಲಿ ಬ್ಯಾಟರಿ ಬೇಕು, ಹಾವಿನ ಭಯಕ್ಕೂ ಅದು ಅಗತ್ಯ. ಬೊಬ್ಬೆ ಎದ್ದರೆ ಒಡೆಯದೆ, ತೊಳೆದು ಒಣಗಿಸಿ, ಸ್ವಚ್ಛ ಬಟ್ಟೆ ಕಟ್ಟಲಿ. ಮುಳ್ಳು ತೆಗೆಯಲು ಪಿನ್ನು ಬಳಸುವುದಿದ್ದರೆ ಮೊದಲು ಬೆಂಕಿಯಲ್ಲಿ ಕಾಯಿಸಿಕೊಳ್ಳಲಿ. ಒಂದು ಜೊತೆ ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿಯನ್ನು ಅವರ ಗಂಟಿನಲ್ಲಿ ಸೇರಿಸಿಬಿಡಿ. ಕಾಲು ಒಡೆದು ನಿಂತವರು ಮೆಟ್ಟಿಕೊಂಡು ಮುಂದೆ ನಡೆದರೆ ಮಲ್ಲಯ್ಯ ಮುನಿಸಿಕೊಳ್ಳುತ್ತಾನೆಂದು ನನಗಂತೂ ಅನಿಸುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳು ಶೂಗಳನ್ನು ತರಗತಿಯ ಹೊರಗೆ ಬಿಟ್ಟು ಇಡೀ ದಿನ ಬರಿಗಾಲಲ್ಲೇ ಇರುತ್ತಾರೆ. ಇದು ಸರಿಯೇ?
— ಶಿಕ್ಷಕಿ, ಭಾಲ್ಕಿ ತಾಲ್ಲೂಕು

ಉತ್ತರ: ತರಗತಿಯೊಳಗೆ ಸರಿ, ಶೌಚಾಲಯಕ್ಕೆ ಸರಿಯಲ್ಲ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ಮೂಳೆತಜ್ಞರು 2300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಪ್ಪಟೆ ಪಾದವು ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇಕಡಾ 8.6ರಷ್ಟೂ ಬರಿಗಾಲಿನ ಮಕ್ಕಳಲ್ಲಿ ಶೇಕಡಾ 2.8ರಷ್ಟೂ ಕಂಡಿತ್ತು, ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅದು ಎಲ್ಲರಿಗಿಂತ ಹೆಚ್ಚಿತ್ತು. ಎಂದರೆ ಎಳೆಯ ಪಾದಕ್ಕೆ ಸ್ವಚ್ಛ ನೆಲದ ಮೇಲೆ ಬಿಡುವು ಸಿಗುವುದು ಒಳ್ಳೆಯದೇ. ಆದರೆ ಕೊಕ್ಕೆಹುಳುವಿನ ಮರಿ, ಮಲ ಬಿದ್ದ ಒದ್ದೆ ಮಣ್ಣಿನಿಂದ ನೇರವಾಗಿ ಅಂಗಾಲಿನ ಚರ್ಮ ತೂರಿ ಒಳಗೆ ಹೋಗಿ, ಕರುಳು ಸೇರಿ ರಕ್ತ ಹೀರುತ್ತದೆ. ಮಕ್ಕಳ ರಕ್ತಹೀನತೆಗೆ ಅದೂ ಒಂದು ಕಾರಣ. ಶೌಚಾಲಯದ ಬಾಗಿಲಲ್ಲಿ ಹತ್ತು ಜೊತೆ ಹವಾಯಿ ಚಪ್ಪಲಿ ಇಡಿಸಿ. ಖರ್ಚು ಕಡಿಮೆ, ಕಾಯುವ ಕೆಲಸವನ್ನು ಏಳನೆಯ ತರಗತಿಯವರಿಗೆ ವಹಿಸಿದರೆ ಅವರೇ ಪೊಲೀಸರು.

ಪ್ರಶ್ನೆ: ನಮ್ಮ ಅಜ್ಜ ಈಗಲೂ ಊರೊಳಗೆ ಒಂದು ಓಣಿ ಬಂದ ಕೂಡಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ದಾಟುತ್ತಾರೆ. ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವರು ಚಿಕ್ಕಂದಿನಿಂದ ಮಾಡಿದ್ದು ಹಾಗೆ. ನಾನು ಮೆಟ್ಟಿಕೊಂಡೇ ಹೋಗುತ್ತೇನೆ, ಅವರಿಗೆ ಅದು ಭಯ. ಏನು ಮಾಡಲಿ?
— ಹೆಸರು ಬೇಡ, ಯಾದಗಿರಿ ಜಿಲ್ಲೆ

ಉತ್ತರ: ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತದ್ದು ನಿಮ್ಮದು. ಮೇಲಿನ ಹಿರಿಯರು ಮನಸ್ಸಿಗೆ ಬಂದು ಚಪ್ಪಲಿ ಬಿಟ್ಟವರು. ನಿಮ್ಮ ಅಜ್ಜನಿಂದ ಬಿಡಿಸಿದವರು ಬೇರೆಯವರು. ಎರಡನ್ನೂ ಬರಿಗಾಲು ಎಂಬ ಒಂದೇ ಮಾತಿನಿಂದ ಕರೆಯಬೇಕಾಗಿ ಬಂದಿರುವುದು ಭಾಷೆಯ ಬಡತನ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ, 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯಲ್ಲಿ, ಈ ಸಮುದಾಯದವರು ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಸೈಕಲ್ ಅಥವಾ ಮೋಟಾರ್‌ಸೈಕಲ್ ಏರುವುದನ್ನು ತಡೆಯುವುದು ಅಪರಾಧವೆಂದು ಹೆಸರಿಸಿಯೇ ಬರೆಯಲಾಗಿದೆ. ಶಿಕ್ಷೆ ಕನಿಷ್ಠ ಆರು ತಿಂಗಳಿನಿಂದ ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಇಪ್ಪತ್ತೊಂದನೆಯ ಶತಮಾನದ ಸಂಸತ್ತು ಚಪ್ಪಲಿ ಎಂಬ ವಸ್ತುವನ್ನು ಕಾಯ್ದೆಯೊಳಗೆ ಬರೆಯಬೇಕಾಯಿತೆಂದರೆ ನಿಮ್ಮ ಅಜ್ಜನ ಭಯ ಬರೀ ಅವರ ಮನಸ್ಸಿನದಲ್ಲ. ಯಾರಾದರೂ ನಿಮ್ಮನ್ನು ತಡೆದರೆ, ಗದರಿಸಿದರೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಇಂಥ ಪ್ರಕರಣದ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. 14566 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಆದರೆ ಕಾನೂನು ತಡೆಯುವವನ ವಿರುದ್ಧ ಇರುವುದೇ ಹೊರತು ಅಜ್ಜನ ವಿರುದ್ಧ ಅಲ್ಲ. ಅವರನ್ನು ಗದರಿಸಿ ಚಪ್ಪಲಿ ಮೆಟ್ಟಿಸಿದರೆ, ಅವರ ಕಾಲಿನ ಬಗ್ಗೆ ಇನ್ನೊಬ್ಬರು ತೀರ್ಮಾನ ಮಾಡಿದ ಹಾಗೆಯೇ ಆಗುತ್ತದೆ. ಹರಳಯ್ಯನವರ ಕಥೆ ಅವರಿಗೆ ಗೊತ್ತೇ ಇರುತ್ತದೆ. ಬಸವಣ್ಣನವರು ತಮ್ಮ ಒಂದು ಶರಣಿಗೆ ಎರಡು ಶರಣು ಹೇಳಿದರಲ್ಲಾ ಎಂಬ ಭಾರಕ್ಕೆ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದು ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ನಮ್ಮ ಬಸವಕಲ್ಯಾಣದ ಸೀಮೆಯಲ್ಲಿ ಹೇಳುತ್ತ ಬಂದಿದ್ದಾರೆ. ಒಂದು ಸಂಜೆ ಆ ಕಥೆಯನ್ನು ಅಜ್ಜನ ಬಾಯಿಂದಲೇ ಹೇಳಿಸಿ. ಆ ಓಣಿಯಲ್ಲಿ ಅವರು ಹೋಗುವಾಗ ನೀವೂ ಜೊತೆಗೆ ಹೋಗಿ. ನೀವು ಮೆಟ್ಟಿಕೊಂಡಿರಿ, ಅವರು ಕೈಯಲ್ಲಿ ಹಿಡಿದಿರಲಿ, ಮಾತು ಬೇರೆ ವಿಷಯದ್ದಿರಲಿ. ಎಷ್ಟು ಸಲ ಹಾಗೆ ಹೋಗಬೇಕಾಗುತ್ತದೆಂದು ನಾನು ಹೇಳಲಾರೆ.

ಪ್ರಶ್ನೆ: ಗುಡಿಯ ಹೊರಗೆ ಹತ್ತು ರೂಪಾಯಿ ಕೊಟ್ಟು ಟೋಕನ್ ಪಡೆದು ಬಿಟ್ಟ ಹೊಸ ಚಪ್ಪಲಿ ಕಳೆಯಿತು, ಬರಿಗಾಲಲ್ಲಿ ಬಸ್ ಹತ್ತಿದೆ. ಕಾಯುವವನು ಶನಿ ಬಿಟ್ಟಿತೆಂದು ತಿಳಿಯಿರಿ ಅಂದ. ದುಡ್ಡು ಕೇಳಬಹುದೇ?
— ಓದುಗ, ಚಿತ್ತಾಪುರ

ಉತ್ತರ: ಕೇಳಬಹುದು. ದುಡ್ಡು ಪಡೆದು ಟೋಕನ್ ಕೊಟ್ಟವನು, 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಸಾಮಾನ್ಯ ವಿವೇಕವುಳ್ಳವನೊಬ್ಬ ತನ್ನ ಅಂಥದೇ ವಸ್ತುವನ್ನು ಕಾಯುವಷ್ಟು ಜಾಗ್ರತೆಯಿಂದ ನಿಮ್ಮ ವಸ್ತುವನ್ನು ಕಾಯಬೇಕು. ಆ ಜಾಗ್ರತೆ ತಪ್ಪಿದ್ದರೆ ಬೆಲೆ ಕಟ್ಟಿಕೊಡಬೇಕು. ಬೀದರಿನ ನಾನಕ್ ಝೀರಾದ ಜೋಡಾ ಘರ್‌ನಲ್ಲಿ ಬಂದವರ ಪಾದರಕ್ಷೆ ಕಾಯುವುದನ್ನು ಸೇವೆಯೆಂದು ಮಾಡುವವರನ್ನು ನೋಡಿದವರಿಗೆ ನಿಮ್ಮ ಟೋಕನ್‌ನವನ ಮಾತು ಇನ್ನೂ ಕಹಿಯೆನಿಸುತ್ತದೆ. ಚಪ್ಪಲಿಯ ರಸೀದಿ, ಟೋಕನ್ ಎರಡೂ ಇದ್ದರೆ ಮೊದಲು ಗುಡಿಯ ಆಡಳಿತ ಮಂಡಳಿಗೆ ಬರೆದು ಕೊಡಿ. ಆ ಗುತ್ತಿಗೆ ಕೊಟ್ಟವರು ಸಾಮಾನ್ಯವಾಗಿ ಅವರೇ ಆಗಿರುತ್ತಾರೆ.