ಉಪ್ಪುಸುಣ್ಣದ ವೈದ್ಯ ಬೇಡ

ಈ ತಿಂಗಳ ಪತ್ರಗಳಲ್ಲಿ ಅರ್ಧದಷ್ಟು ನರಹುಲಿಯವೇ. ಚಿಕ್ಕಬಳ್ಳಾಪುರದ ನನ್ನ ಚಿಕಿತ್ಸಾಲಯದಲ್ಲೂ ವಾರ ತಪ್ಪದೆ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ, ಒಮ್ಮೆ ವಿವರವಾಗಿ ಬರೆಯುತ್ತೇನೆ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ನನ್ನದು. ಎರಡು ವರ್ಷದಿಂದ ಬೆರಳುಗಳಲ್ಲಿ ನರಹುಲಿಗಳಿವೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸೇ ಇದಕ್ಕೂ ಕಾರಣವಂತೆ. ನನಗೆ ಚರ್ಮದ ಕ್ಯಾನ್ಸರ್ ಬರುತ್ತದೆಯೇ? ಊರಿನವರೊಬ್ಬರು ಸುಣ್ಣ, ಸೋಡಾ ಹಚ್ಚಿ ಸುಟ್ಟುಬಿಡುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಮೊದಲು ಆ ಸುಣ್ಣದವರನ್ನು ಮನೆಯಿಂದಾಚೆ ಕಳುಹಿಸಿ. ಎಚ್‌ಪಿವಿ ಎಂಬುದು 200ಕ್ಕೂ ಹೆಚ್ಚು ಬಗೆಗಳ ದೊಡ್ಡ ವಂಶ. ಬೆರಳಿನ ನರಹುಲಿಗೆ ಸಾಮಾನ್ಯವಾಗಿ 2, 4, 27, 57ನೇ ಬಗೆಗಳು ಕಾರಣ. ಗರ್ಭಕಂಠಕ್ಕೆ ಕಂಟಕವಾಗುವುದು ಮುಖ್ಯವಾಗಿ 16 ಮತ್ತು 18. ಮನೆತನದ ಹೆಸರು ಒಂದೇ ಎಂದು ದಾಯಾದಿಯ ತಪ್ಪನ್ನು ಇವುಗಳ ತಲೆಗೆ ಕಟ್ಟಬೇಡಿ. ಆರೋಗ್ಯವಂತರ ಕೈಯಲ್ಲಿರುವ ಸಾಮಾನ್ಯ ನರಹುಲಿಗೆ ಕ್ಯಾನ್ಸರಿನ ಭಯ ಬೇಡ.

ಚರ್ಮದ ಕ್ಯಾನ್ಸರಿಗೂ ಈ ವೈರಸ್ಸಿಗೂ ನಂಟೇ ಇಲ್ಲವೆಂದಲ್ಲ. 1922ರಲ್ಲಿ ಲೆವಾಂಡೋವ್ಸ್ಕಿ ಮತ್ತು ಲುಟ್ಸ್ ಎಂಬ ವೈದ್ಯರು ವಿವರಿಸಿದ ಅಪರೂಪದ ಆನುವಂಶಿಕ ಕಾಯಿಲೆಯೊಂದಿದೆ. ಬಾಲ್ಯದಲ್ಲೇ ಮೈಮೇಲೆ ಚಿಬ್ಬಿನಂಥ ಕಲೆಗಳು, ಚಪ್ಪಟೆ ನರಹುಲಿಗಳು ಹರಡುತ್ತವೆ. 5 ಮತ್ತು 8ನೇ ಬಗೆಗಳು ಅಲ್ಲಿ ತಳವೂರಿ, ಮೂವತ್ತು ನಲವತ್ತರ ಹೊತ್ತಿಗೆ ಬಿಸಿಲು ಬೀಳುವ ಹಣೆ, ಕೈಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಬರುವ ಕಾಯಿಲೆ ಇದು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ವೈದ್ಯರು ಇದನ್ನು ಮರೆಯಬಾರದು. ವರ್ಷಗಟ್ಟಲೆ ಮುಲಾಮು ಹಚ್ಚಿದರೂ ಹೋಗದ ಚಿಬ್ಬನ್ನು ಚರ್ಮತಜ್ಞರಿಗೆ ತೋರಿಸಿ. ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರೂ ಹುಷಾರಾಗಿರಬೇಕು. ಬಿಸಿಲಿನಿಂದ ಕೆಟ್ಟ ಡಿಎನ್ಎ ದುರಸ್ತಿಯಾಗದಂತೆ ಈ ವೈರಸ್ ತಡೆಯುತ್ತದೆ ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಗಡ್ಡೆಯ ಎಲ್ಲ ಜೀವಕೋಶಗಳಲ್ಲೂ ವೈರಸ್ ಸಿಗದಿರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ನಿಮ್ಮ ಕೈಯಲ್ಲಿ ನಾನು ಮೊದಲು ನೋಡುವುದು ಉಗುರಿನ ಬುಡವನ್ನು. ಒಂದೇ ಬೆರಳಿಗೆ ಕಚ್ಚಿಕೊಂಡು, ಒಡೆದು, ಒಸರುವ ಗಂಟಿದ್ದರೆ ಅದು 16ನೇ ಬಗೆ ತರುವ ಕ್ಯಾನ್ಸರ್ ಆಗಿರಲೂಬಹುದು. ಅತಿ ಎಚ್ಚರಿಕೆ ಎಂದರೂ ಸರಿಯೇ, ನಲವತ್ತು ದಾಟಿದವರಲ್ಲಿ ಇಂಥದ್ದು ಕಂಡರೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸದೆ ನಾನು ಬಿಡುವುದಿಲ್ಲ.

ಇನ್ನು ಸುಣ್ಣ, ಆಸಿಡ್, ಗೇರೆಣ್ಣೆ. ಇವು ಸುಟ್ಟ ಜಾಗ ಕೀವಾಗುತ್ತದೆ, ವರ್ಷಗಟ್ಟಲೆ ಮಾಯದ ಹುಣ್ಣಾಗಿ ಉಳಿಯಲೂಬಹುದು. ಹಳೆಯ ಸುಟ್ಟ ಕಲೆ ಮತ್ತು ಮಾಯದ ಹುಣ್ಣುಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು. ನರಹುಲಿ ತಾರದ ಕ್ಯಾನ್ಸರನ್ನು ಅದರ ಔಷಧಿಯಿಂದ ತಂದುಕೊಳ್ಳುವಿರಾ? ಸ್ಯಾಲಿಸಿಲಿಕ್ ಆಮ್ಲದ ಮುಲಾಮಿದೆ, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯಿದೆ. ತಿಂಗಳುಗಳು ಹಿಡಿಯುತ್ತವೆ, ತಾಳ್ಮೆಯಿರಲಿ.

ಪ್ರಶ್ನೆ: ದೇವಸ್ಥಾನದ ಕಲ್ಯಾಣಿಗೆ ಉಪ್ಪು ಹಾಕಿದ ಮೇಲೆ ಮಗನ ನರಹುಲಿ ಉದುರಿತು. ಹೇಗೆ?

ಉತ್ತರ: ಮಕ್ಕಳಲ್ಲಿ ಹೆಚ್ಚಿನವು ಎರಡು ವರ್ಷದೊಳಗೆ ತಾವೇ ಹೋಗುತ್ತವೆ.

ಪ್ರಶ್ನೆ: ಎಚ್‌ಪಿವಿ ಲಸಿಕೆಯಿಂದ ನರಹುಲಿ ಹೋಗುತ್ತದೆಯೇ?

ಉತ್ತರ: ಅದಕ್ಕಲ್ಲ ಆ ಲಸಿಕೆ. ಗರ್ಭಕಂಠದ ಕ್ಯಾನ್ಸರ್ ತಡೆಯಲು ಮಗಳಿಗೆ 9ರಿಂದ 14 ವರ್ಷದೊಳಗೆ ತಪ್ಪದೆ ಹಾಕಿಸಿ.

ಪ್ರಶ್ನೆ: ಕುದುರೆ ಬಾಲದ ಕೂದಲು ಕಟ್ಟಬಹುದೇ?

ಉತ್ತರ: ಬೇಡ.

ಪ್ರಶ್ನೆ: ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದಂತೆ?

ಉತ್ತರ: ಇಲ್ಲ. ಈ ಮಾತು ನಂಬಿ ತಡವಾಗಿ ಬಂದವರ ಬೆರಳು ಕತ್ತರಿಸಬೇಕಾಗಬಹುದು.