"ಎಲ್ಲಾ ನೆನಪಿದೆ, ಆದ್ರೂ ಏನೂ ಮಾಡಲ್ಲ"

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ನನ್ನ ಬಳಿ ಸಲಹೆಗೆ ಮೊದಲು ಬಂದದ್ದು ಮಗಳು, ಒಬ್ಬರೇ. ಕೂತ ಕೂಡಲೇ ಹೇಳಿದರು: "ಮೇಡಂ, ಅಮ್ಮನ ಮೇಲೆ ತುಂಬಾ ಕೋಪ ಬರ್ತಿದೆ. ಕೂಗಾಡ್ತೀನಿ. ಆಮೇಲೆ ರಾತ್ರಿ ಎಲ್ಲಾ ನಿದ್ದೆ ಬರಲ್ಲ."

ಅಮ್ಮನಿಗೆ 68. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಇಡೀ ಶಾಲೆಯ ಟೈಮ್‌ಟೇಬಲ್ ಅವರೇ ಹಾಕುತ್ತಿದ್ದರಂತೆ. ಯಾವ ಟೀಚರ್ ರಜೆ ಹಾಕಿದರೆ ಆ ಕ್ಲಾಸಿಗೆ ಯಾರನ್ನು ಕಳಿಸಬೇಕು ಅನ್ನುವುದು ನಾಲಿಗೆ ತುದಿಯಲ್ಲಿ ಇರುತ್ತಿತ್ತು. ಅಂಥವರು ಈಗ ಬೆಳಿಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತರೆ ಕೂತೇ ಇರುತ್ತಾರೆ. ಸ್ನಾನಕ್ಕೆ ಹೋಗು ಅಂದರೆ "ಹೂಂ, ಹೋಗ್ತೀನಿ" ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅಲ್ಲೇ ಇದ್ದಾರೆ, ಕೈಯಲ್ಲಿ ಟವೆಲ್ ಹಿಡಿದುಕೊಂಡು. ಒಂದು ತಿಂಗಳು ಕರೆಂಟ್ ಬಿಲ್ ಎರಡು ಸಲ ಕಟ್ಟಿದರು, ಮುಂದಿನ ತಿಂಗಳು ಕಟ್ಟಲೇ ಇಲ್ಲ. ಬೀರು ಜೋಡಿಸುತ್ತೇನೆ ಅಂತ ಎಲ್ಲಾ ಬಟ್ಟೆ ಕೆಳಗೆ ಎಳೆದು ಹಾಕಿ, ಆ ರಾಶಿಯ ನಡುವೆ ಸುಮ್ನೆ ನಿಂತುಬಿಟ್ಟರು.

"ಮರೆವು ಇದೆಯಾ?" ಎಂದು ಕೇಳಿದೆ.

"ಅದೇ ಮೇಡಂ ಅರ್ಥ ಆಗದೆ ಇರೋದು. ಹಳೇ ವಿದ್ಯಾರ್ಥಿಗಳ ಹೆಸರು, ಇನಿಷಿಯಲ್ ಸಮೇತ ಹೇಳ್ತಾಳೆ. ನಿನ್ನೆ ಯಾರು ಫೋನ್ ಮಾಡಿದ್ರು ಅಂತಾನೂ ಗೊತ್ತು. ನಾನು ಸ್ನಾನಕ್ಕೆ ಹೋಗು ಅಂದಿದ್ದೂ ನೆನಪಿರುತ್ತೆ. ಎಲ್ಲಾ ನೆನಪಿದೆ, ಆದ್ರೂ ಏನೂ ಮಾಡಲ್ಲ. ಬೇಕೂಂತಲೇ ಮಾಡ್ತಿದ್ದಾಳೆ ಅಲ್ವಾ?"

ಒಂದು ವರ್ಷದ ಹಿಂದೆ ಒಬ್ಬ ಡಾಕ್ಟರಿಗೆ ತೋರಿಸಿದ್ದರು. ಅಲ್ಲಿ ಮಾಡಿದ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 28 ಬಂದಿತ್ತು. "ಏನೂ ಇಲ್ಲ, ನಿವೃತ್ತಿ ಆದ ಮೇಲೆ ಹೀಗೇ" ಎಂದು ಕಳಿಸಿದ್ದರು. ಆ ಮಾತೇ ಮನೆಯಲ್ಲಿ ಬೆಂಕಿ ಹಚ್ಚಿತ್ತು. ಕಾಯಿಲೆ ಇಲ್ಲ ಅಂದ ಮೇಲೆ ಉಳಿದದ್ದು ಹಟ, ಸೋಮಾರಿತನ. ಮಗಳಿಗೆ ಹಾಗೆ ಅನ್ನಿಸಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ನಾನೂ ಮೊದಲು ಯೋಚಿಸಿದ್ದು ಖಿನ್ನತೆಯ ಬಗ್ಗೆ. ಆದರೆ ಮುಂದಿನ ವಾರ ತಾಯಿಯನ್ನು ನೋಡಿದಾಗ ಆ ಲೆಕ್ಕ ಕೂಡಲಿಲ್ಲ. ಅವರ ಮುಖದಲ್ಲಿ ದುಃಖ ಇರಲಿಲ್ಲ. ನಾನು ಬೇಡವಾದವಳು, ನನ್ನಿಂದ ಎಲ್ಲರಿಗೂ ತೊಂದರೆ ಅನ್ನುವ ಮಾತು ಒಂದೂ ಬರಲಿಲ್ಲ. ಶಾಲೆಯ ಕಥೆ ಕೇಳಿದರೆ ನಗುನಗುತ್ತಾ ಹೇಳಿದರು. ತಾವಾಗಿ ಮಾತ್ರ ಏನನ್ನೂ ಶುರು ಮಾಡಲಿಲ್ಲ. ಪ್ರಶ್ನೆ ಹಾಕಿದರೆ ಉತ್ತರ, ಇಲ್ಲದಿದ್ದರೆ ಮೌನ.

ಒಂದು ಬಿಳಿ ಹಾಳೆ ಕೊಟ್ಟು, ಗಡಿಯಾರ ಬರೆದು ಮುಳ್ಳುಗಳನ್ನು 11 ಗಂಟೆ 10 ನಿಮಿಷಕ್ಕೆ ಇಡಿ ಎಂದೆ. ನಾವು ಪ್ರಾಥಮಿಕ ತಪಾಸಣೆಗೆ ಬಳಸುವ ಸರಳ ಪರೀಕ್ಷೆ ಇದು. ವೃತ್ತ ಚೆನ್ನಾಗಿ ಬಂತು. ಅಂಕಿಗಳು ಮುತ್ತು ಪೋಣಿಸಿದ ಹಾಗೆ, ಟೀಚರ್ ಕೈಬರಹ. ಆಮೇಲೆ ಒಂದು ಮುಳ್ಳನ್ನು 11ಕ್ಕೆ ಎಳೆದರು. ಇನ್ನೊಂದನ್ನು 10ಕ್ಕೆ.

ನಾನು ಕೇಳಿದೆ, "ಮೇಡಂ, ಹತ್ತು ನಿಮಿಷ ಅಂದ್ರೆ ದೊಡ್ಡ ಮುಳ್ಳು ಎಲ್ಲಿರಬೇಕು?"

ಒಂದು ಕ್ಷಣವೂ ತಡ ಮಾಡದೆ "2ರ ಮೇಲೆ" ಎಂದರು. ಪೆನ್ಸಿಲ್ ತಗೊಂಡು ತಿದ್ದಲು ಹೋದರು. ಅದೇ 10ರ ಮುಳ್ಳನ್ನೇ ಇನ್ನಷ್ಟು ದಪ್ಪ ಮಾಡಿದರು.

ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಎಷ್ಟೋ ಮಕ್ಕಳಿಗೆ ಗಡಿಯಾರ ನೋಡುವುದನ್ನು ಕಲಿಸಿದ ಕೈ ಅದು. ಮಗಳ ಕಣ್ಣು ತುಂಬಿತು. ಬೇಕೂಂತ ಯಾರೂ ಹೀಗೆ ಮಾಡಲ್ಲ ಅನ್ನುವುದು ಅವರಿಗೆ ಆಗಲೇ ಗೊತ್ತಾಯಿತು. ನಾನು ಹೇಳಬೇಕಾಗಲಿಲ್ಲ.

ಇಲ್ಲಿ ಏನಾಯಿತು? "ಹತ್ತು" ಅನ್ನುವ ಪದ ಕಿವಿಗೆ ಬಿದ್ದ ತಕ್ಷಣ ಕಣ್ಣೆದುರಿನ 10 ಕೈಯನ್ನು ಎಳೆಯುತ್ತದೆ. ಆ ಎಳೆತ ನಿಮಗೂ ನನಗೂ ಇದೆ. ಆದರೆ "ತಾಳು, ನಿಮಿಷಕ್ಕೆ ಲೆಕ್ಕ ಬೇರೆ" ಎಂದು ತಡೆಯುವ ಒಂದು ಶಕ್ತಿ ನಮ್ಮಲ್ಲಿ ಕೆಲಸ ಮಾಡುತ್ತದೆ. ಇವರಲ್ಲಿ ತಿಳಿವಳಿಕೆ ಗಟ್ಟಿಯಾಗಿತ್ತು, ಆ ತಡೆ ಸಡಿಲವಾಗಿತ್ತು. ಇದಕ್ಕೇ ಎಕ್ಸಿಕ್ಯೂಟಿವ್ ಫಂಕ್ಷನ್ ಅನ್ನುತ್ತಾರೆ, ಕಾರ್ಯನಿರ್ವಹಣಾ ಸಾಮರ್ಥ್ಯ ಎನ್ನಬಹುದು. ಕೆಲಸ ಶುರು ಮಾಡುವುದು, ಯಾವುದರ ನಂತರ ಯಾವುದು ಎಂದು ಜೋಡಿಸುವುದು, ಬೇಡದ್ದನ್ನು ತಡೆಯುವುದು, ಒಂದು ಸರಿಹೋಗದಿದ್ದರೆ ಇನ್ನೊಂದಕ್ಕೆ ಹೊರಳುವುದು, ತಪ್ಪಾಯ್ತಾ ಎಂದು ನೋಡಿಕೊಳ್ಳುವುದು, ಎಲ್ಲವೂ ಇದರಲ್ಲಿ ಬರುತ್ತದೆ. ಇದಕ್ಕೆ ಮುಖ್ಯ ಆಧಾರ ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಆದರೆ ಅದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮಿದುಳಿನ ಆಳದ ಭಾಗಗಳ ಜೊತೆ ಬಿಳಿ ನರತಂತುಗಳ ಮೂಲಕ ಸದಾ ಮಾತಾಡುತ್ತಿರುತ್ತದೆ.

ರೋಗ ನಿರ್ಣಯ ನನ್ನ ಕೆಲಸ ಅಲ್ಲ. ನರರೋಗ ತಜ್ಞರಿಗೆ ಪತ್ರ ಬರೆದು ಕಳಿಸಿದೆ. ಥೈರಾಯ್ಡ್, ಬಿ12 ಕೊರತೆ, ಕೆಲವು ನಿದ್ದೆ ಮಾತ್ರೆಗಳು, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸೇರಿರುವುದು, ಇವುಗಳಿಂದಲೂ ಹೀಗಾಗಬಹುದು, ಕೆಲವನ್ನು ಸರಿಪಡಿಸಲೂಬಹುದು. ಅದಕ್ಕೇ ತಪಾಸಣೆ ಬಿಟ್ಟು ನೇರ ಸಲಹೆಗೆ ಇಳಿಯಬಾರದು. ಇವರಲ್ಲಿ ಅದ್ಯಾವುದೂ ಇರಲಿಲ್ಲ. ಎಂಆರ್‌ಐಯಲ್ಲಿ ಮಿದುಳಿನ ಆಳದ ಸಣ್ಣ ರಕ್ತನಾಳಗಳು ಹಾಳಾಗಿದ್ದು ಕಂಡಿತು. ಇಪ್ಪತ್ತು ವರ್ಷದ ಬಿಪಿ, ಮಾತ್ರೆ ಒಂದು ದಿನ ಉಂಟು, ಒಂದು ದಿನ ಇಲ್ಲ. ಆ ಬಿಳಿ ತಂತುಗಳಿಗೆ ರಕ್ತ ಕೊಡುವುದು ಇದೇ ಸಣ್ಣ ನಾಳಗಳು. ವ್ಯಾಸ್ಕುಲರ್ ಡಿಮೆನ್ಷಿಯಾ, ಅಂದರೆ ರಕ್ತನಾಳಗಳ ತೊಂದರೆಯಿಂದ ಮಿದುಳಿನ ಸಾಮರ್ಥ್ಯ ಕುಸಿಯುವ ಕಾಯಿಲೆ, ಶುರುವಿನ ಹಂತ ಎಂದರು.

"ಮರೆವೇ ಇಲ್ಲದೆ ಡಿಮೆನ್ಷಿಯಾನಾ?" ಎಂದು ತಂದೆ ಕೇಳಿದರು. ತುಂಬಾ ಜನ ಕೇಳುವ ಪ್ರಶ್ನೆ. ಡಿಮೆನ್ಷಿಯಾದಲ್ಲಿ ಅಲ್ಝೈಮರ್ ಕಾಯಿಲೆಯದ್ದೇ ಹೆಚ್ಚು ಪಾಲು. ಅದು ಸಾಮಾನ್ಯವಾಗಿ ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಸುತ್ತಮುತ್ತ ಶುರುವಾಗುತ್ತದೆ. ಹಾಗಾಗಿ ಡಿಮೆನ್ಷಿಯಾ ಅಂದರೆ ಮರೆವು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸಣ್ಣ ರಕ್ತನಾಳದ ಕಾಯಿಲೆಯಲ್ಲಿ ಎಷ್ಟೋ ಸಲ ಮೊದಲು ಕುಸಿಯುವುದು ವೇಗ ಮತ್ತು ಯೋಜನೆ. ಮಿದುಳಿನ ಮುಂಭಾಗ, ಪಕ್ಕದ ಭಾಗಗಳು ಸೊರಗುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಮೊದಲು ಸ್ವಭಾವವೇ ಬದಲಾಗಬಹುದು, ಅದೂ ಎಷ್ಟೋ ಜನರಿಗೆ 65 ದಾಟುವ ಮೊದಲೇ. 2013ರಲ್ಲಿ ಬಂದ ಡಿಎಸ್‌ಎಂ-5 ರೋಗನಿರ್ಣಯ ಕೈಪಿಡಿಯಲ್ಲಿ ನೆನಪಿನ ಶಕ್ತಿ ಕಳೆದಿರಲೇಬೇಕು ಅನ್ನುವ ಷರತ್ತು ಇಲ್ಲ. ಬೇರೆ ಸಾಮರ್ಥ್ಯ ಕುಸಿದು ದಿನನಿತ್ಯದ ಬದುಕು ಸ್ವತಂತ್ರವಾಗಿ ನಡೆಸಲು ಆಗದಿದ್ದರೂ ಅದು ಸಾಕು.

ಹಾಗಾದರೆ ಆ 28? ಅದು 1975ರಿಂದ ಬಳಕೆಯಲ್ಲಿರುವ ಎಂಎಂಎಸ್‌ಇ ಪರೀಕ್ಷೆ. ತಾರೀಖು, ಸ್ಥಳ, ಮೂರು ಪದ ನೆನಪಿಡುವುದು, ಹೀಗೆ ಇರುತ್ತದೆ. ಒಳ್ಳೆಯ ಪರೀಕ್ಷೆಯೇ, ಆದರೆ ಮಿದುಳಿನ ಮುಂಭಾಗದ ಕೆಲಸವನ್ನು ಅದು ಅಷ್ಟಾಗಿ ಕೆದಕುವುದಿಲ್ಲ. ನರರೋಗ ತಜ್ಞರ ಬಳಿ ಅಂಕಿ-ಅಕ್ಷರ ಬದಲಿಸಿ ಬದಲಿಸಿ ಗೆರೆ ಎಳೆಯಬೇಕಾಗಿತ್ತು: 1, ಅ, 2, ಆ, ಹೀಗೆ. ಇವರು 1, 2, 3 ಎಂದು ಓಡಿಬಿಟ್ಟರು. ಪರೀಕ್ಷೆಯ ಕೋಣೆಯಲ್ಲಿ ಇನ್ನೊಂದು ವಿಷಯವೂ ಇದೆ. ಅಲ್ಲಿ ಡಾಕ್ಟರ್ "ಈಗ ಇದು ಮಾಡಿ, ಈಗ ಅದು ಮಾಡಿ" ಅನ್ನುತ್ತಲೇ ಇರುತ್ತಾರೆ. ಅಂದರೆ ಶುರು ಮಾಡಿಸುವ ಕೆಲಸವನ್ನು ಅವರೇ ಮಾಡಿಬಿಡುತ್ತಾರೆ. ಮನೆಯಲ್ಲಿ ಮಂಚದ ಅಂಚಿನಲ್ಲಿ ಕೂತಾಗ ಹಾಗೆ ಹೇಳುವವರು ಯಾರು?

ಸಲಹೆ ಹುಟ್ಟಿದ್ದು ಇಲ್ಲಿಂದಲೇ. ಒಳಗೆ ಕಡಿಮೆಯಾಗಿರುವ ಯಜಮಾನಿಕೆಯನ್ನು ಹೊರಗಿನಿಂದ ಸ್ವಲ್ಪ ಕೊಡಬೇಕು.

ಮಗಳಿಗೆ ಒಂದು ಹಳೆಯ ಘಟನೆ ಹೇಳಿದೆ. 1848ರಲ್ಲಿ ಅಮೆರಿಕದಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಫಿನಿಯಸ್ ಗೇಜ್ ಎಂಬ ಯುವಕನ ತಲೆಯ ಮುಂಭಾಗವನ್ನು ಕಬ್ಬಿಣದ ಸಲಾಕೆ ತೂರಿ ಹೋಯಿತು. ಆತ ಬದುಕಿದ. ಆದರೆ ಹಿಡಿದ ಕೆಲಸ ನೆಟ್ಟಗೆ ನಡೆಸಲು ಆಗದೆ, ಸ್ವಭಾವವೇ ಬದಲಾಯಿತು ಎಂದು ಆತನ ಡಾಕ್ಟರ್ ಬರೆದರು. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಗೇಜ್ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿ ಓಡಿಸಿದ. ದಿನಾ ಅದೇ ಹೊತ್ತು, ಅದೇ ಕ್ರಮದ ಕೆಲಸ. ಆ ಕಟ್ಟುನಿಟ್ಟಾದ ದಿನಚರಿಯೇ ಆತನನ್ನು ಎತ್ತಿ ನಿಲ್ಲಿಸಿರಬೇಕು ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ. ಪೆಟ್ಟಿನ ಗಾಯಕ್ಕೂ ಬೆಳೆಯುತ್ತಾ ಹೋಗುವ ಕಾಯಿಲೆಗೂ ವ್ಯತ್ಯಾಸ ಇದೆ, ಅದನ್ನೂ ಹೇಳಿದೆ. ಆದರೂ ದಿನಚರಿಗೆ ಎಷ್ಟು ಬಲ ಇದೆ ಅನ್ನುವುದು ಅವರಿಗೆ ಹಿಡಿಸಿತು.

ಮಗಳಿಗೆ ಕೊಟ್ಟ ಮೊದಲ ಸಲಹೆ, "ಯಾಕೆ ಇನ್ನೂ ಮಾಡಿಲ್ಲ?" ಅನ್ನುವುದನ್ನು ಪೂರ್ತಿ ಬಿಡಿ. ಅದಕ್ಕೆ ಅಮ್ಮನ ಹತ್ತಿರ ಉತ್ತರ ಇಲ್ಲ. "ಸ್ನಾನ ಮಾಡು" ಅನ್ನುವುದು ನಮಗೆ ಒಂದು ಕೆಲಸ, ಅವರಿಗೆ ಹದಿನೈದು. ಅದಕ್ಕೇ ಮೊದಲ ಹೆಜ್ಜೆ ಮಾತ್ರ ಹೇಳಿ: "ಅಮ್ಮ, ಏಳು." ಎದ್ದ ಮೇಲೆ, "ಬಾ, ಹೋಗೋಣ." ಹೇಳಿ ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ನಡುವೆ ಮತ್ತೆ ಹೇಳಿದರೆ ಅವರ ಮಿದುಳು ಮೊದಲಿಂದ ಶುರು ಮಾಡಬೇಕಾಗುತ್ತದೆ. ಟಿವಿ ಆಫ್ ಇರಲಿ. ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲಿ ಮಂಚದ ಮೇಲೆ ಸಾಲಾಗಿ ಇಡಿ, ಮೊದಲು ಹಾಕುವುದು ಕೈಗೆ ಹತ್ತಿರ. ಬೀರುವಿನಲ್ಲಿ ಮೂರೇ ಜೊತೆ ಸಾಕು. "ಯಾವುದು ಬೇಕು?" ಎನ್ನಬೇಡಿ, ಎರಡನ್ನು ಎತ್ತಿ ಹಿಡಿದು "ಇದಾ, ಇದಾ?" ಎನ್ನಿ.

ತಂದೆಗೆ ಹೇಳಬೇಕಾದದ್ದು ಬೇರೆಯೇ ಇತ್ತು. ಅವರು ಪ್ರೀತಿಯಿಂದ ಎಲ್ಲವನ್ನೂ ತಾವೇ ಮಾಡಿಬಿಡುತ್ತಿದ್ದರು. ಜಡೆ ಹಾಕುವುದು, ಗುಂಡಿ ಹಾಕುವುದು, ಡಾಕ್ಟರಿಗೆ ಉತ್ತರ ಕೊಡುವುದೂ ಅವರೇ. "ಇವಳಿಗೆ ಕಷ್ಟ ಆಗುತ್ತೆ ಮೇಡಂ." ನಿಜ, ಕಷ್ಟ ಆಗುತ್ತದೆ. ಆದರೆ ಶುರು ಮಾಡಲು ಆಗದಿರುವುದು ಬೇರೆ, ಮಾಡಲೇ ಆಗದಿರುವುದು ಬೇರೆ. ಮೊದಲ ಗುಂಡಿಗೆ ಅವರ ಕೈ ತಂದು ಮುಟ್ಟಿಸಿ, ಉಳಿದವನ್ನು ಅವರೇ ಹಾಕಲಿ ಎಂದೆ. ಬಳಸದ ಕೌಶಲ ಬೇಗ ಕೈಬಿಟ್ಟು ಹೋಗುತ್ತದೆ. ಇದರಿಂದ ತಂದೆಗೆ ತುಂಬಾ ನೋವಾಯಿತು. "ಇಷ್ಟು ದಿನ ನಾನೇ ಕೆಡಿಸಿದೆನಾ?" ಎಂದರು. ಇಲ್ಲ, ಕಾಯಿಲೆ ನಿಮ್ಮಿಂದ ಬಂದದ್ದಲ್ಲ, ನೀವು ಒಬ್ಬರೇ ಹೊತ್ತಿರಿ ಅಷ್ಟೇ ಎಂದೆ. ಅವರು ಮನೆಯಿಂದ ಒಬ್ಬರೇ ಹೊರಗೆ ಹೋಗಿ ಎಂಟು ತಿಂಗಳಾಗಿತ್ತು. ದಿನಕ್ಕೆ ಒಂದು ಗಂಟೆ ಅವರದ್ದು, ಆ ಹೊತ್ತಿಗೆ ಮಗಳೋ ಬೇರೆ ಯಾರೋ ಇರಬೇಕು. ಈ ಸಲಹೆಯನ್ನು ಅವರು ಮೂರು ಸಲ ಬೇಡ ಎಂದರು. ನಾನು ಬಿಡಲಿಲ್ಲ.

ಹಣದ ವಿಷಯದಲ್ಲಿ ನಾನು ಮೃದುವಾಗಿ ಮಾತಾಡುವುದಿಲ್ಲ. ತಡೆಯುವ ಶಕ್ತಿ ಸಡಿಲವಾದಾಗ ಫೋನಿನಲ್ಲಿ ಸಿಹಿಯಾಗಿ ಮಾತಾಡುವ ಯಾರಿಗಾದರೂ ಒಟಿಪಿ ಹೇಳಿಬಿಡಬಹುದು, ನೆನಪು ಎಷ್ಟೇ ಚೆನ್ನಾಗಿದ್ದರೂ. ದೊಡ್ಡ ಮೊತ್ತ ಇರುವ ಖಾತೆ ಅವರ ಫೋನಿನಿಂದ ದೂರ ಇರಲಿ, ಕೈಖರ್ಚಿಗೆ ಸಣ್ಣ ಖಾತೆ ಸಾಕು. ಆಸ್ತಿ, ಚಿಕಿತ್ಸೆಯ ಬಗ್ಗೆ ಅವರ ಇಷ್ಟ ಏನು ಅನ್ನುವುದನ್ನು ಈಗಲೇ, ಅವರ ಬಾಯಿಂದಲೇ ಕೇಳಿ, ವಕೀಲರ ಬಳಿ ಬರೆಸಿಡಿ ಎಂದೆ.

ಇನ್ನು ಬಿಪಿ ಮಾತ್ರೆ. ಆಗಿರುವ ಹಾನಿ ವಾಪಸ್ ಬರಲ್ಲ, ಮುಂದಿನದನ್ನು ನಿಧಾನ ಮಾಡಲು ಸಾಧ್ಯ ಇದೆ. ಮಾತ್ರೆ ಕೊಡುವುದು ತಂದೆಯ ಕೆಲಸ, ದಿನಾ ಅದೇ ಹೊತ್ತಿಗೆ. ದಿನಾ ನಡಿಗೆ. ಇದನ್ನು ತಜ್ಞರೂ ಒತ್ತಿ ಹೇಳಿದ್ದರು.

ಮಗಳು ಹೊರಡುವಾಗ ಕೇಳಿದರು, "ಅಮ್ಮನಿಗೆ ತನಗೆ ಹೀಗಾಗಿದೆ ಅಂತ ಗೊತ್ತಾ?" ಪೂರ್ತಿ ಗೊತ್ತಿರಲಿಕ್ಕಿಲ್ಲ. ತಪ್ಪನ್ನು ತಾನೇ ಗಮನಿಸುವ ಶಕ್ತಿಯೂ ಅದೇ ಜಾಗಗಳ ಕೆಲಸ. "ನಾನು ಚೆನ್ನಾಗಿದೀನಿ" ಎಂದರೆ ಅದು ಸುಳ್ಳಲ್ಲ, ಅವರಿಗೆ ಹಾಗೇ ಕಾಣುತ್ತದೆ. ವಾದ ಮಾಡಬೇಡಿ.

ನಾಲ್ಕು ತಿಂಗಳ ನಂತರ ಮೂವರೂ ಬಂದರು. ಎಲ್ಲವೂ ಸರಿಹೋಗಿಲ್ಲ. ನಡಿಗೆ ಸ್ವಲ್ಪ ನಿಧಾನವಾಗಿದೆ. ಹೊಸ ಜಾಗದಲ್ಲಿ ಗಾಬರಿಯಾಗುತ್ತಾರೆ. ಆದರೆ ಕೂಗಾಟ ನಿಂತಿದೆ. ಹೆಚ್ಚಿನ ದಿನ ಸ್ನಾನ ಹೊತ್ತಿಗೆ ಸರಿಯಾಗಿ ಆಗುತ್ತಿದೆ.

ಮಗಳು ಬ್ಯಾಗಿನಿಂದ ಒಂದು ಹಾಳೆಯ ಫೋಟೊ ತೆಗೆದು ತೋರಿಸಿದರು. ಗೋಡೆಗೆ ದಿನಚರಿ ಹಾಕಿ ಎಂದು ನಾನು ಹೇಳಿದ್ದೆ. ಮಗಳು ಕಂಪ್ಯೂಟರಿನಲ್ಲಿ ಮಾಡಿ ಹಾಕಿದ್ದನ್ನು ಅಮ್ಮ ನೋಡುತ್ತಲೇ ಇರಲಿಲ್ಲವಂತೆ. ಆಮೇಲೆ ಮಗಳಿಗೆ ಒಂದು ಉಪಾಯ ಹೊಳೆದಿದೆ. ಹಾಳೆಯ ಮೇಲೆ ಸ್ಕೇಲ್ ಇಟ್ಟು ಖಾಲಿ ಚೌಕಗಳನ್ನು ಗೆರೆ ಹಾಕಿ, ಅಮ್ಮನ ಮುಂದಿಟ್ಟು, "ಅಮ್ಮ, ಇದು ಮೊದಲನೇ ಪಿರಿಯಡ್" ಎಂದು ಬೆರಳಿಟ್ಟು ತೋರಿಸಿದ್ದಾರೆ. ಅವರಾಗಿ ಒಂದು ಟೈಮ್‌ಟೇಬಲ್ ಹುಟ್ಟುಹಾಕಲು ಈಗ ಆಗುವುದಿಲ್ಲ. ಆದರೆ ಚೌಕ ಸಿಕ್ಕಿದ ಕೂಡಲೇ ಪೆನ್ ತಗೊಂಡು ತುಂಬುತ್ತಾ ಹೋಗಿದ್ದಾರೆ, ಅದೇ ಮುತ್ತಿನಂಥ ಅಕ್ಷರದಲ್ಲಿ. ಏಳುವುದು. ಸ್ನಾನ. ಪೇಪರ್ ಓದುವುದು. ಗಿಡಗಳಿಗೆ ನೀರು. ಪ್ರತಿ ಚೌಕಕ್ಕೂ ಮಗಳು ಬೆರಳಿಟ್ಟು ಕಾದಿದ್ದಾರೆ. ಈಗ ಬೆಳಿಗ್ಗೆ ಮಂಚದಿಂದ ಎದುರಿಗೇ ಕಾಣುವ ಹಾಗೆ ಅಂಟಿಸಿದ್ದಾರೆ. ತಮ್ಮ ಕೈಬರಹ ಕಂಡರೆ ಅಮ್ಮ ಓದುತ್ತಾರೆ, ಓದಿದರೆ ಏಳುತ್ತಾರೆ.

ಸಂಜೆಯ ಚೌಕದಲ್ಲಿ "ಇವರು ಹೊರಗೆ ಹೋಗುವುದು" ಎಂದು ಇತ್ತು. "ಅದನ್ನ ನಾನು ಹೇಳಿಕೊಡಲಿಲ್ಲ ಮೇಡಂ" ಎಂದರು ಮಗಳು. ತಂದೆ ಕನ್ನಡಕ ತೆಗೆದು ಒರೆಸಿಕೊಂಡರು. ತಾಯಿ ಗೋಡೆಯ ಗಡಿಯಾರ ನೋಡಿ, "ಹೊತ್ತಾಯ್ತಲ್ಲ, ನೀವು ಹೋಗಲ್ವಾ?" ಎಂದು ಅವರನ್ನು ಕೇಳಿದರು.