121 ಸೋಲು: ಆಟಗಾರರನ್ನು ಯಾಕೆ ಬೈತೀರಿ?

ಶಿಕಾಗೊ ಹತ್ತಿರದ ನೇಪರ್‌ವಿಲ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ, ಸಿಟ್ಟೂ ಜಾಸ್ತಿ ಇದೆ. ಸಾರ ಇಷ್ಟು: ‘ನಮ್ಮ ವೈಟ್ ಸಾಕ್ಸ್ ಬೇಸ್‌ಬಾಲ್ ಟೀಮು 2024ರಲ್ಲಿ 121 ಪಂದ್ಯ ಸೋತಿತು. ಆ ಗಾಯ ಇನ್ನೂ ಮಾಯ್ದಿಲ್ಲ. ಕೋಟಿಗಟ್ಟಲೆ ಸಂಬಳ ಎಣಿಸುವ ಆಟಗಾರರಿಗೆ ನಾಚಿಕೆ ಬೇಡವೇ? ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ಟೀಮುಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಒಳ್ಳೇ ಹುಡುಗರು ಸಿಗಲಿ ಅಂತ ಬೇಕಂತಲೇ ಸೋತರು ಎಂದು ಆಫೀಸಿನಲ್ಲಿ ಹೇಳ್ತಾರೆ, ನಿಜವೇ? ಐದನೇ ಕ್ಲಾಸಿನ ನನ್ನ ಮಗ ಟೀಮಿನ ಟೋಪಿ ಹಾಕಿಕೊಂಡು ಹೋದರೆ ಶಿಕಾಗೊದ ಇನ್ನೊಂದು ಟೀಮು ಕಬ್ಸ್ ಕಡೆಯ ಹುಡುಗರು ರೇಗಿಸ್ತಾರೆ. ಅವನನ್ನು ಕಬ್ಸ್‌ಗೆ ಪಕ್ಷಾಂತರ ಮಾಡಿಸಿಬಿಡಲೇ?’

ಮಾರಾಯ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗಿ ಬೀಳುತ್ತಿರುವ ಜಾಗ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ.

ಇಲ್ಲಿನ ಓದುಗರಿಗಾಗಿ ಒಂದೆರಡು ಮಾತು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ಸೀಸನ್ನಿಗೆ 162 ಪಂದ್ಯ. ಐಪಿಎಲ್ ತರ ಹದಿನಾಲ್ಕು ಆಡಿ ಮನೆಗೆ ಹೋಗುವ ಹಾಗಿಲ್ಲ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಡಿಮೆ ದಿನಾ ಆಟ, ಇವತ್ತು ಈ ಊರು, ನಾಳೆ ಇನ್ನೊಂದೂರು. ಇಷ್ಟೊಂದು ಪಂದ್ಯ ಇರುವಾಗ ಘಟಾನುಘಟಿ ಟೀಮೂ ಸೋಲುತ್ತದೆ, ಕಳಪೆ ಟೀಮೂ ಗೆಲ್ಲುತ್ತದೆ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ದಾಖಲೆ ಸರಿಗಟ್ಟಿದಾಗಲೂ 46 ಸೋತಿದ್ದರು. ಸಾಮಾನ್ಯವಾಗಿ ಕೆಟ್ಟ ಟೀಮು ಅಂದರೂ ಮೂರರಲ್ಲಿ ಒಂದು ಗೆಲ್ಲುತ್ತೆ. ವೈಟ್ ಸಾಕ್ಸ್ ಗೆದ್ದದ್ದು 41, ಅಂದರೆ ನಾಲ್ಕರಲ್ಲಿ ಒಂದು. ಕೇಳೋಕೆ ಸಣ್ಣ ವ್ಯತ್ಯಾಸ ಅನ್ನಿಸುತ್ತೆ, ಅಲ್ವಾ? 1962ರಲ್ಲಿ ಆಗಷ್ಟೇ ಹುಟ್ಟಿದ ನ್ಯೂಯಾರ್ಕ್ ಮೆಟ್ಸ್ 120 ಸೋತ ಮೇಲೆ, 62 ವರ್ಷ ಯಾರೂ ಆ ಗಡಿ ದಾಟಿರಲಿಲ್ಲ. ಡೆಟ್ರಾಯ್ಟ್ ಟೈಗರ್ಸ್ 2003ರಲ್ಲಿ 119ಕ್ಕೆ ಹೋಗಿ ನಿಂತಿತ್ತು. 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ 134 ಸೋತದ್ದು ನಿಜ, ಆದರೆ ಅದು ಹಳೇ ಕಾಲದ ಲೆಕ್ಕ, ಯಾರೂ ಇದರ ಜೊತೆ ಸೇರಿಸಲ್ಲ.

ಈಗ ನಿಮ್ಮ ‘ನಾಚಿಕೆ’ಯ ಮಾತಿಗೆ ಬರೋಣ. ಸೀಸನ್ ಶುರುವಾಗಿ ಮೊದಲ 25 ಪಂದ್ಯದಲ್ಲಿ ಗೆದ್ದದ್ದು ಮೂರೇ ಮೂರು. ಮೇ ಕೊನೆಯಿಂದ ಸತತ 14 ಸೋಲು. ಸಾಕಪ್ಪಾ ಅನ್ನುವಷ್ಟರಲ್ಲಿ ಜುಲೈ 10ರಿಂದ ಸತತ 21 ಸೋಲು, ಆಗಸ್ಟ್ 6ರಂದು ಓಕ್ಲೆಂಡ್‌ನಲ್ಲಿ 5-1ಕ್ಕೆ ಗೆದ್ದು ಅದು ಮುರಿಯಿತು. ಎರಡೇ ದಿನಕ್ಕೆ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಪೆಡ್ರೊ ಗ್ರಿಫೋಲ್ ಅವರನ್ನು ಮನೆಗೆ ಕಳಿಸಿದರು. ಗೆದ್ದ ಮೇಲೆ ಕೆಲಸ ಹೋದದ್ದು ನೋಡಿ, ಇದಕ್ಕೇ ಹಣೆಬರಹ ಅನ್ನೋದು.

ಕೆಟ್ಟ ಕಾಲ ಬಂದಾಗ ನಿಯಮಗಳೂ ಕೈ ಕೊಡುತ್ತವೆ. ಮೇ 23ರಂದು ಸ್ವಂತ ಊರಲ್ಲಿ ಬಾಲ್ಟಿಮೋರ್ ವಿರುದ್ಧ ಕೊನೆಯ, ಅಂದರೆ ಒಂಬತ್ತನೇ, ಇನಿಂಗ್ಸ್‌ನಲ್ಲಿ ಬೆನ್ನಟ್ಟಿ 6-8ಕ್ಕೆ ತಂದಿದ್ದರು. ಬೇಸ್‌ಗಳ ಮೇಲೆ ಇಬ್ಬರು ಓಟಗಾರರು, ಒಂದೇ ಔಟ್ (ಮೂರಾದರೆ ಇನಿಂಗ್ಸ್ ಮುಗೀತು), ಜನ ಎದ್ದು ನಿಂತಿದ್ದಾರೆ. ಆಂಡ್ರ್ಯೂ ಬೆನಿಂಟೆಂಡಿ ಹೊಡೆದ ಚೆಂಡು ಸುಮ್ನೆ ಮೇಲಕ್ಕೆ ಹೋಯಿತು. ಅಂಪೈರ್ ‘ಇನ್‌ಫೀಲ್ಡ್ ಫ್ಲೈ’ ಎಂದರು, ಅಂದರೆ ಕ್ಯಾಚ್ ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ಅಲ್ಲಿಗೇ ಮುಗಿದಿದ್ದರೆ ಇನ್ನೊಂದು ಅವಕಾಶ ಉಳೀತಿತ್ತು. ಆದರೆ ಎರಡನೇ ಬೇಸ್‌ಗೆ ಹಿಂದಿರುಗುತ್ತಿದ್ದ ಆಂಡ್ರ್ಯೂ ವಾನ್, ಕ್ಯಾಚ್‌ಗೆ ಓಡಿ ಬರುತ್ತಿದ್ದ ಬಾಲ್ಟಿಮೋರ್ ಆಟಗಾರನ ದಾರಿಗೆ ಅಡ್ಡ ಬಂದರು ಅಂತ ಅವರನ್ನೂ ಔಟ್ ಕೊಟ್ಟರು. ಆ ಕ್ಯಾಚೇನೂ ತಪ್ಪಿರಲಿಲ್ಲ, ಹಿಡಿದೇ ಹಿಡಿದಿದ್ದರು. ಒಂದೇ ಏಟಿಗೆ ಎರಡು ಔಟ್, ಆಟ ಖತಂ. ಇದಕ್ಕೆ ಆಟಗಾರ ನಾಚಿಕೆ ಪಡಬೇಕಾ, ನೀವೇ ಹೇಳಿ.

ಇನ್ನು ಸೆಪ್ಟೆಂಬರ್ ಕೊನೆ ವಾರ. ಸ್ಯಾನ್ ಡಿಯೇಗೊದಲ್ಲಿ ಸೋತು 120 ಆಯಿತು, ದಾಖಲೆ ಸಮ. ಸೆಪ್ಟೆಂಬರ್ 24ಕ್ಕೆ ಮನೆಗೆ ಬಂದರು, ಎದುರಾಳಿ ಲಾಸ್ ಏಂಜಲೀಸ್ ಏಂಜಲ್ಸ್. ಇತಿಹಾಸ ಆಗೋದನ್ನು ಕಣ್ಣಾರೆ ನೋಡಬೇಕು ಅಂತಲೇ ಟಿಕೆಟ್ ತಗೊಂಡು ಬಂದವರೂ ಇದ್ದರು. ಮಾಲೀಕರ ಮೇಲಿನ ಕೋಪಕ್ಕೆ ‘ಟೀಮ್ ಮಾರು’ ಅಂತ ಕೂಗುತ್ತಿದ್ದರು. ಎಂಟನೇ ಇನಿಂಗ್ಸ್‌ವರೆಗೆ 0-2 ಹಿಂದೆ. ಆಮೇಲೆ ಮೂರು ರನ್ ಹೊಡೆದು 3-2ಕ್ಕೆ ಗೆದ್ದರು! ಸೋಲು ನೋಡೋಕೆ ಬಂದವರಿಗೆ ನಿರಾಸೆ. ಮರುದಿನವೂ ಗೆದ್ದರು, ಅದರ ಮರುದಿನವೂ. ಕಡೆಗೆ 27ರಂದು ಡೆಟ್ರಾಯ್ಟ್‌ನಲ್ಲಿ 1-4ಕ್ಕೆ ಸೋತು 121 ಮುಟ್ಟಿದರು. ಅದೇ ರಾತ್ರಿ ಟೈಗರ್ಸ್ ಹತ್ತು ವರ್ಷದ ನಂತರ ಪ್ಲೇಆಫ್‌ಗೆ ಹೋಗಿ ಕುಣಿಯುತ್ತಿತ್ತು, ಇವರು ಅದನ್ನು ಪಕ್ಕದಲ್ಲಿ ನಿಂತು ನೋಡಬೇಕಾಯಿತು. ಆ ಮೇಲೂ ಉಳಿದ ಎರಡು ಪಂದ್ಯ ಗೆದ್ದೇ ಊರಿಗೆ ಬಂದರು. ಕೊನೆಯ ಆರರಲ್ಲಿ ಐದು ಗೆಲುವು. ಕೈಚೆಲ್ಲಿ ಕೂತವರು ಹೀಗೆ ಆಡ್ತಾರಾ?

ಸಂಬಳದ ಮಾತು ಬಂತಲ್ಲ. ಆ ವರ್ಷದ ಕನಿಷ್ಠ ಸಂಬಳ 7,40,000 ಡಾಲರ್, ರೂಪಾಯಿ ಲೆಕ್ಕದಲ್ಲಿ ಆರು ಕೋಟಿ ದಾಟುತ್ತೆ, ನನಗೂ ನಿಮಗೂ ಹೊಟ್ಟೆ ಉರಿಯೋದು ಸಹಜ. ಆದರೆ ಆ ಲೀಗಿನ ಮಟ್ಟಿಗೆ ಅದು ತಳದ ಮೆಟ್ಟಿಲು, ಇನ್ನೂ ಪಳಗದ ಹುಡುಗರು ಬಂದು ನಿಲ್ಲುವ ಜಾಗ. ಆ ಟೀಮಿನಲ್ಲಿ ಅಂಥವರೇ ತುಂಬಿದ್ದರು. ಇಡೀ ಸೀಸನ್ನಿಗೆ ಹೊಡೆದದ್ದು 507 ರನ್, ಕೊಟ್ಟದ್ದು 813. ಅಂದರೆ ದಿನಾ ಮೂರು ಹೊಡೆದು ಐದು ಕೊಡುವ ಟೀಮು. ಅದರಲ್ಲೂ ಗ್ಯಾರೆಟ್ ಕ್ರೋಶೆ ಎಂಬ ಎಡಗೈ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) 209 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಅಷ್ಟು ಸಲ ಬ್ಯಾಟರನ್ನು ತನ್ನ ಎಸೆತದಿಂದಲೇ ಔಟ್ ಮಾಡಿದ. ಅವನ ಹೆಸರಿಗೆ ಬಿದ್ದದ್ದು ಆರು ಗೆಲುವು, ಹನ್ನೆರಡು ಸೋಲು. ಹಿಂದೆ ನಿಂತವರು ರನ್ ಹೊಡೆಯದಿದ್ದರೆ ಪಿಚರ್ ತಾನೇ ಏನು ಮಾಡಿಯಾನು.

ಹಾಗಾದರೆ ಈ ಟೀಮನ್ನು ಈ ಗತಿಗೆ ತಂದವರು ಯಾರು? 2021ರಲ್ಲಿ ಇದೇ ವೈಟ್ ಸಾಕ್ಸ್ 93 ಪಂದ್ಯ ಗೆದ್ದು ತನ್ನ ಡಿವಿಷನ್ನಿನಲ್ಲಿ ಮೊದಲು ಬಂದಿತ್ತು. ಮುಂದಿನ ವರ್ಷ 81. ಅದರ ಮುಂದೆ 61. ಆಮೇಲೆ 41. ಕೆಟ್ಟ ಗಾಳಿ ಬೀಸಿ ಒಂದು ವರ್ಷ ಬಿದ್ದದ್ದಲ್ಲ ಇದು, ಮೂರು ವರ್ಷ ಒಂದೊಂದೇ ಮೆಟ್ಟಿಲು ಇಳಿದದ್ದು. 2016-17ರಲ್ಲೇ ಇದ್ದ ಸ್ಟಾರ್‌ಗಳನ್ನೆಲ್ಲ ಬೇರೆ ಟೀಮುಗಳಿಗೆ ಕೊಟ್ಟು ಚಿಗುರು ಹುಡುಗರನ್ನು ತಂದಿದ್ದರು, 2018ರಲ್ಲಿ 100 ಸೋತು ಅಭಿಮಾನಿಗಳಿಗೆ ತಾಳ್ಮೆ ಕೇಳಿದ್ದರು. ಅಭಿಮಾನಿಗಳು ತಾಳಿದರು. ಫಸಲು ಕೈಗೆ ಬರುವ ಹೊತ್ತಿಗೆ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್, 2011ರಿಂದ ಮ್ಯಾನೇಜರ್ ಕೆಲಸ ಮಾಡಿರದ 76 ವರ್ಷದ ಟೋನಿ ಲಾ ರೂಸಾ ಅವರನ್ನು ಕರೆತಂದರು. ದುಡ್ಡು ಬಿಚ್ಚುವ ವಿಷಯದಲ್ಲಂತೂ ಕೈ ಬಿಗಿಯೇ. ಬೇರೆ ಟೀಮುಗಳು ಒಬ್ಬ ಆಟಗಾರನಿಗೆ 30 ಕೋಟಿ ಡಾಲರ್ ಒಪ್ಪಂದ ಮಾಡುವ ಕಾಲದಲ್ಲಿ, ಇವರ ಚರಿತ್ರೆಯಲ್ಲೇ ಅತಿ ದೊಡ್ಡ ಒಪ್ಪಂದ ಬೆನಿಂಟೆಂಡಿಗೆ ಕೊಟ್ಟ ಏಳೂವರೆ ಕೋಟಿ. 2024ರ ಮಾರ್ಚ್‌ನಲ್ಲಿ ಒಳ್ಳೇ ಪಿಚರ್ ಡಿಲನ್ ಸೀಸ್‌ನನ್ನು ಸ್ಯಾನ್ ಡಿಯೇಗೊಗೆ ಕೊಟ್ಟರು. ಜುಲೈನಲ್ಲಿ, ಇಲ್ಲಿ ಸೋಲಿನ ಸರಮಾಲೆ ನಡೆಯುತ್ತಿದ್ದಾಗಲೇ, ಅವನು ಅಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಇಡೀ ಪಂದ್ಯ ಮುಗಿಸಿದ. ಸೀಸನ್ ಮುಗಿದ ಮೇಲೆ ಕ್ರೋಶೆಯನ್ನೂ ಬಾಸ್ಟನ್‌ಗೆ ಕಳಿಸಿದರು.

ಇನ್ನೊಂದು ಕೇಳಿ. ಆ ವರ್ಷವೇ ರೈನ್ಸ್‌ಡಾರ್ಫ್ ಹೊಸ ಸ್ಟೇಡಿಯಂಗೆ ಸರ್ಕಾರದ ದುಡ್ಡು ಬೇಕು ಅಂತ ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಶಾಸಕರನ್ನು ಕಂಡರು. ಈಗಿರುವ ಸ್ಟೇಡಿಯಂ, 1991ರಲ್ಲಿ ಶುರುವಾದದ್ದು, ಅದೂ ಜನರ ತೆರಿಗೆ ಹಣದಲ್ಲೇ ಕಟ್ಟಿದ್ದು! ನಿಮ್ಮ ಸಿಟ್ಟಿಗೆ ಸರಿಯಾದ ವಿಳಾಸ ಇದು.

ಡ್ರಾಫ್ಟ್‌ಗಾಗಿ ಬೇಕಂತಲೇ ಸೋತರು ಅನ್ನೋ ನಿಮ್ಮ ಆಫೀಸಿನವರ ಮಾತು ನಿಲ್ಲಲ್ಲ. ಕೊನೆಗೆ ಬಂದವರಿಗೆ ಮೊದಲ ಹುಡುಗ ಅನ್ನೋ ಹಳೇ ಕ್ರಮ ಈಗಿಲ್ಲ, ಮೇಲಿನ ಆರು ಸ್ಥಾನಕ್ಕೆ ಲಾಟರಿ. ದೊಡ್ಡ ಊರಿನ, ದೊಡ್ಡ ಆದಾಯದ ಟೀಮಿಗೆ ಎರಡು ವರ್ಷ ಸತತವಾಗಿ ಆ ಲಾಟರಿ ಸ್ಥಾನ ಸಿಗುವಂತಿಲ್ಲ. 2024ರಲ್ಲಿ ಐದನೇ ಸ್ಥಾನ ಪಡೆದಿದ್ದ ವೈಟ್ ಸಾಕ್ಸ್‌ಗೆ, 121 ಸೋತರೂ, 2025ರಲ್ಲಿ ಸಿಕ್ಕಿದ್ದು ಹತ್ತನೇ ಸ್ಥಾನ. ಅತ್ತ ಮಾನವೂ ಹೋಯಿತು, ಇತ್ತ ಲಾಭವೂ ಇಲ್ಲ. ಹಾಗಂತ ಟೀಮು ಲೀಗಿನಿಂದ ಕೆಳಗೂ ಇಳಿಯಲ್ಲ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಹೀಗೆ ಆಡಿದ್ದರೆ ಕೆಳಗಿನ ದರ್ಜೆಗೆ ತಳ್ಳಿರುತ್ತಿದ್ದರು. ಅಮೆರಿಕದಲ್ಲಿ, ನಮ್ಮ ಐಪಿಎಲ್‌ನಂತೆಯೇ, ಸೀಟು ಕಾಯಂ, ಟಿವಿ ದುಡ್ಡಿನ ಪಾಲೂ ಕಾಯಂ. ಸೋತರೂ ಮಾಲೀಕರಿಗೆ ನಿದ್ದೆ ಕೆಡಲ್ಲ, ಕೆಡೋದು ನಿಮ್ಮಂಥವರಿಗೆ.

ಮಗನ ವಿಷಯ. ಪಕ್ಷಾಂತರ ನಿಷೇಧ ಕಾಯ್ದೆ ಮನೆಯೊಳಗೆ ನಡೆಯಲ್ಲ, ಅವನಿಗೆ ಇಷ್ಟವಿದ್ದರೆ ಹೋಗಲಿ. ಆದರೆ ನೀವಾಗಿ ತಳ್ಳಬೇಡಿ. ಟೋಪಿ ಬಗ್ಗೆ ರೇಗಿಸಿದರೆ ಒಂದು ಫೋಟೊ ತೋರಿಸಲಿ: ಶಿಕಾಗೊದಲ್ಲೇ ಹುಟ್ಟಿದ ಪೋಪ್ ಲಿಯೋ, 2025ರ ಜೂನ್‌ನಲ್ಲಿ ವ್ಯಾಟಿಕನ್‌ನಲ್ಲಿ ವೈಟ್ ಸಾಕ್ಸ್ ಟೋಪಿ ಹಾಕಿಕೊಂಡದ್ದು. 2005ರ ವರ್ಲ್ಡ್ ಸೀರೀಸ್ (ಲೀಗಿನ ಫೈನಲ್ ಸರಣಿ) ಮೊದಲ ಪಂದ್ಯಕ್ಕೆ ಅವರು ಸ್ಟ್ಯಾಂಡಿನಲ್ಲಿ ಕೂತಿದ್ದರು. ಆ ಸಲ ಈ ಟೀಮು 88 ವರ್ಷದ ನಂತರ ಗೆದ್ದಿತ್ತು. ಆರ್‌ಸಿಬಿಯವರು ಹದಿನೆಂಟೇ ಸೀಸನ್ನಿಗೆ ಸುಸ್ತಾಗಿದ್ದರು ಅನ್ನೋದನ್ನೂ ನೆನಪಿಡಿ.

ಮುಂದೇನು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. 119 ಸೋತ ಟೈಗರ್ಸ್ ಮೂರೇ ವರ್ಷಕ್ಕೆ ವರ್ಲ್ಡ್ ಸೀರೀಸ್ ಆಡಿತು, 120 ಸೋತ ಮೆಟ್ಸ್ 1969ರಲ್ಲಿ ಅದನ್ನು ಗೆದ್ದೇಬಿಟ್ಟಿತು. ವೈಟ್ ಸಾಕ್ಸ್ 2025ರಲ್ಲಿ 60 ಗೆದ್ದು 102 ಸೋತಿತು. ಕೆಟ್ಟದ್ದೇ, ಆದರೆ 19 ಗೆಲುವು ಜಾಸ್ತಿ. ನಾನಾಗಿದ್ದರೆ ಪಾಯಿಂಟ್ ಪಟ್ಟಿಗಿಂತ ಬೇರೊಂದು ಕಾಗದದ ಮೇಲೆ ಕಣ್ಣಿಡುತ್ತಿದ್ದೆ. 2025ರ ಜೂನ್‌ನಲ್ಲಿ ಜಸ್ಟಿನ್ ಇಶ್ಬಿಯಾ ಎಂಬ ಹಣವಂತರ ಜೊತೆ ರೈನ್ಸ್‌ಡಾರ್ಫ್ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಅದರ ಪ್ರಕಾರ 2029ರಿಂದ 2033ರ ಒಳಗೆ ಟೀಮಿನ ಹಿಡಿತ ಬಿಟ್ಟುಕೊಡುವ ಆಯ್ಕೆ ರೈನ್ಸ್‌ಡಾರ್ಫ್ ಅವರದು. ಅವರು ಬಿಡದಿದ್ದರೆ ಕೊಳ್ಳುವ ಹಕ್ಕು ಇಶ್ಬಿಯಾಗೆ ಬರೋದು 2034ರ ನಂತರವೇ. ಅಷ್ಟೊತ್ತಿಗೆ ನಿಮ್ಮ ಮಗ ಕಾಲೇಜು ಸೇರಿರುತ್ತಾನೆ. ಅಲ್ಲಿವರೆಗೆ ವರ್ಷಕ್ಕೊಂದು ಪಂದ್ಯಕ್ಕಾದರೂ ಅವನನ್ನು ಕರೆದುಕೊಂಡು ಹೋಗಿ. ಸೋಲುವ ಟೀಮಿಗೆ ವಾರದ ನಡುವಿನ ಟಿಕೆಟ್ ಸಸ್ತಾ.

– ಸಂ.